ನಡುವಿನ ಬೇರಿಂಗ್

ಬಿಳಿಗೆರೆ
೧೨-೩-೨೦೨೪

ದಯಾನಂದ್ ಅವರಿಗೆ,

‘ರೀ’ ಎಂದು ಶುರುಮಾಡಿ ಹೊಡೆದುಹಾಕಿದ್ದೇನೆ. ಹನ್ನೊಂದು ವರ್ಷದ ಅಭ್ಯಾಸ.

ನಿನ್ನೆ ಅಧಿಕಾರಿಗಳು ನಿಮ್ಮ ವರ್ಕ್‌ಶಾಪಿಗೆ ಬೀಗ ಜಡಿಯುವಾಗ ಎದುರಿನ ಟೀ ಅಂಗಡಿಯಲ್ಲಿ ನಿಂತು ನೋಡಿದೆ. ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ದೂರು ಕೊಟ್ಟವರು ಯಾರೆಂದು ತಿಪಟೂರೆಲ್ಲ ವಿಚಾರಿಸುತ್ತಿದ್ದೀರಂತೆ. ನಾನೇ.

ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವ ಆ ಯಂತ್ರದಲ್ಲಿ ತಿರುಗುವ ಉದ್ದನೆಯ ಶಾಫ್ಟಿಗೆ ಲೆಕ್ಕ ಹಾಕಿದವಳು ನಾನು. ಎರಡು ತುದಿಗೆ ಮಾತ್ರ ಬೇರಿಂಗ್ ಕೊಟ್ಟರೆ ಅದು ತನ್ನ ಭಾರಕ್ಕೇ ನಡುವೆ ಒಂದು ಮಿಲಿಮೀಟರ್ ಬಾಗುತ್ತದೆ. ಹಾಗೆ ಬಾಗಿದ ಶಾಫ್ಟ್ ನಿಮಿಷಕ್ಕೆ ಒಂಬೈನೂರ ನಲವತ್ತಾರು ಸುತ್ತಿನ ಹತ್ತಿರ ಹುಚ್ಚೆದ್ದು ಕುಣಿಯುತ್ತದೆ. ಅದೇ ಅದರ ಕ್ರಿಟಿಕಲ್ ಸ್ಪೀಡ್. ನಮ್ಮ ಮೋಟಾರ್ ಅದನ್ನು ತಿರುಗಿಸುವುದು ಒಂಬೈನೂರ ಅರವತ್ತರಲ್ಲಿ. ನಡುವೆ ಮೂರನೆಯ ಬೇರಿಂಗ್ ಇರಲೇಬೇಕು ಎಂದು ಬರೆದುಕೊಟ್ಟೆ. ನೀವು ನಕ್ಕಿರಿ. “ಅದಕ್ಕೆ ನಾರು ಸುತ್ಕೊಂಡು ದಿನಾ ಮಿಷಿನ್ ನಿಲ್ತದೆ ಕಣೇ. ಪುಸ್ತಕದ ಲೆಕ್ಕ ಬುಡು” ಎಂದು, ನನ್ನ ಹಾಳೆಯ ಮೇಲೆಯೇ ‘ನಡು ಬೇರಿಂಗ್ ಬೇಡ’ ಎಂದು ಗೀಚಿ ಸಹಿ ಹಾಕಿದಿರಿ. ನಾನು ಜಗಳವಾಡಿದ ಮೇಲೆ, ಹಾಕಿಸುತ್ತೇನೆ ಎಂದು ಮಾತು ಕೊಟ್ಟಿರಿ.

ಹಾಲ್ಕುರಿಕೆಯಲ್ಲಿ ಯಂತ್ರ ಚಾಲೂ ಮಾಡಿದ ದಿನ ಶಾಫ್ಟ್ ಹಗ್ಗದಂತೆ ಬಳುಕಿ, ಮುರಿದು, ಮುಚ್ಚಳ ಸೀಳಿಕೊಂಡು ಬಂತು. ಅಂದಷ್ಟೇ ನಿಮ್ಮಲ್ಲಿ ಫಿಟ್ಟರ್ ಆಗಿ ಸೇರಿದ್ದ ನನ್ನ ತಮ್ಮ ಸೂರ್ಯಪ್ರಕಾಶನ ಬಲಗೈ ಮೊಣಕೈವರೆಗೆ ಹೋಯಿತು. ಆಸ್ಪತ್ರೆಯಲ್ಲಿ ನನ್ನ ಅಮ್ಮನ ಎದುರಿಗೇ, “ಮೂರು ಬೇರಿಂಗೂ ಹಾಕಿದ್ದೆ ಕಣ್ರೀ. ನಿಮ್ ಮಗಳ ಲೆಕ್ಕಾನೇ ತಪ್ಪು” ಎಂದಿರಿ. ಮರುದಿನವೇ ಮುರಿದ ಯಂತ್ರವನ್ನು ಗುಜರಿಗೆ ಸಾಗಿಸಿದಿರಿ. ಅಮ್ಮ ಎರಡು ತಿಂಗಳು ನನ್ನ ಕೈಯ ಅನ್ನ ಮುಟ್ಟಲಿಲ್ಲ.

ನೀವು ಸಹಿ ಹಾಕಿದ ಹಾಳೆಯನ್ನು ಮಾತ್ರ ಮರೆತಿರಿ. ಅದು ಈಗ ಇನ್ಸ್‌ಪೆಕ್ಟರ್ ಫೈಲಿನಲ್ಲಿದೆ. ಅಮ್ಮನಿಗೂ ಓದಿ ಹೇಳಿದೆ. ಅದು ನಿಮ್ಮ ಅಕ್ಷರವಲ್ಲ ಎಂದು ಕೋರ್ಟಿನಲ್ಲಿ ನೀವು ತಡವರಿಸುವುದನ್ನು ಮುಂದಿನ ಬೆಂಚಿನಲ್ಲಿ ಕೂತು ಕೇಳುತ್ತೇನೆ.

ಇನ್ನು ನಿಮ್ಮವಳಲ್ಲದ,
ದಾನೇಶ್ವರಿ

ತಾ.ಕ.: ಆ ಬೆಳಿಗ್ಗೆ ಸ್ವಿಚ್ ಹಾಕುವ ಮೊದಲೇ, ನೀವು ಮುಚ್ಚಳ ಮುಚ್ಚುವಾಗ, ನಡುವೆ ಬೇರಿಂಗ್ ಇಲ್ಲದ್ದನ್ನು ನೋಡಿದ್ದೆ. ಬಾಯಿ ಬಿಡಲಿಲ್ಲ. ಅಷ್ಟು ಜನರ ಮುಂದೆ ಯಂತ್ರ ನಡುಗಲಿ, ನೀವು ತಲೆ ತಗ್ಗಿಸಲಿ ಎಂದು ಕಾದೆ. ಸೂರ್ಯ ಅಷ್ಟು ಹತ್ತಿರ ಹೋಗುತ್ತಾನೆಂದು ಎಣಿಸಿರಲಿಲ್ಲ. ಇದನ್ನು ಇನ್ಸ್‌ಪೆಕ್ಟರಿಗೂ ಹೇಳಿಲ್ಲ, ಅವನಿಗೂ ಹೇಳಿಲ್ಲ. ಬೇಕಾದರೆ ಈ ಕಾಗದ ತೋರಿಸಿ. ಆದರೆ ಅದಕ್ಕೆ ಮೊದಲು, ಬೇರಿಂಗ್ ಹಾಕಿರಲಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಬೇಕಾಗುತ್ತದೆ.