ಕಲ್ಲೇಶ ಬಂದುಹೋದ ದಿನದ ಬ್ರೆಡ್

ಮಹೇಶ್ವರಿ,

ನೀನು ಕಲಿಸಿದ ಹಾಗೆಯೇ ಇವತ್ತು ಮನೆಯಲ್ಲಿ ಬ್ರೆಡ್ ಮಾಡಿದೆ. ಈಸ್ಟಿನಲ್ಲಿ ನೊರೆ ಬರುತ್ತದೋ ಇಲ್ಲವೋ ಎಂದು ಮೂರು ಸಲ ಮುಚ್ಚಳ ತೆಗೆದು ನೋಡಿದೆ. ಹಿಟ್ಟು ಚೆನ್ನಾಗಿಯೇ ಉಬ್ಬಿತು. ಓವನ್ನಿನಿಂದ ತೆಗೆಯುವಾಗ ನಿನ್ನ ಗಂಡ ಕಲ್ಲೇಶ ಬಾಗಿಲಲ್ಲಿ ನಿಂತಿದ್ದ.

"ಇದು ಆಕಿ ಮಾಡೋ ಬ್ರೆಡ್ಡಿನ ವಾಸನಿ. ಒಳಗ ಅದಾಳೇನು?"

"ಇಲ್ರಿ. ನಾನ ಮಾಡೇನಿ."

ಅವನು ನಂಬಲಿಲ್ಲ. ಅಡುಗೆಮನೆ, ಬಚ್ಚಲು, ಹಿತ್ತಲು ಎಲ್ಲ ಹೊಕ್ಕು ನೋಡಿದ. ಬಿಸಿ ಟ್ರೇ ನನ್ನ ಕೈಯಲ್ಲೇ ಇತ್ತು, ಕೆಳಗಿಡಬೇಕೆಂದು ತೋಚಲಿಲ್ಲ.

"ಸುನಿತಾ, ಬ್ಯಾಡಗಿಯೊಳಗ ಅದಾಳ ಅಂತ ಹೋದ ಸಲ ನೀನ ಹೇಳಿದ್ದಿ. ಈಗ ಎಲ್ಲಿ ಅದಾಳ?"

"ಗೊತ್ತಿಲ್ರಿ."

ಬಹಳ ಹೊತ್ತು ನನ್ನ ಮುಖವನ್ನೇ ನೋಡಿ ಹೊರಟುಹೋದ. ಟ್ರೇ ಕೆಳಗಿಟ್ಟು ಚಿಲಕ ಹಾಕಿದೆ. ಬ್ರೆಡ್ಡನ್ನು ಇನ್ನೂ ಕೊಯ್ದಿಲ್ಲ.

ಅವನ ಹೊಡೆತಕ್ಕೆ ಹೆದರಿ ಬ್ಯಾಡಗಿ ಸೇರಿದಾಗ ನೀನು ವಿಳಾಸ ಕೊಟ್ಟಿದ್ದು ನನಗೊಬ್ಬಳಿಗೇ. ಅಲ್ಲಿಂದಲೂ ಓಡುವಾಗ ಹೊಸ ವಿಳಾಸ ನನಗೂ ಕೊಡಲಿಲ್ಲ, ಈ ಪತ್ರವನ್ನು ಎಲ್ಲಿಗೆ ಕಳಿಸಬೇಕೆಂದೂ ತಿಳಿಯದು. ಹಾಗಾಗಿ ಇವತ್ತು ನಾನು ಸುಳ್ಳು ಹೇಳಬೇಕಾಗಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆನೋ ಏನೋ, ಅದನ್ನೇ ಯೋಚಿಸುತ್ತ ಕುಳಿತಿದ್ದೇನೆ.