ಮುಚ್ಚಳದೊಳಗಿನ ಚೀಟಿ

ಅಕ್ಕನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಾಲ್ಕು ವರ್ಷದ ಹಿಂದೆ ನೀನು ಕಳಿಸಿದ್ದ, ಧೂಳನ್ನೂ ನೀರನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರನ್ನು ನಿನ್ನೆ ಡಬ್ಬದಿಂದ ಹೊರಗೆ ತೆಗೆದೆ.

ಅವತ್ತು ಹೊಸ ಕಾರ್ಪೆಟ್ ಮೇಲೆ ನಿನ್ನ ಕೈಯಿಂದ ಕಾಫಿ ಚೆಲ್ಲಿದಾಗ ನೆಂಟರೆದುರಿಗೇ ರೇಗಿಬಿಟ್ಟಿದ್ದೆ. ಮರುವಾರ ಈ ಯಂತ್ರ ಬಂತು. “ನೋಡ್ರೀ, ನನ್ನ ಮನೆ ಗಲೀಜು ಅಂತ ಚುಚ್ತಿದ್ದಾಳೆ” ಎಂದು ಇವರ ಮುಂದೆ ಕೂಗಾಡಿ ಅಟ್ಟಕ್ಕೆ ಹಾಕಿಸಿದೆ. ಕಲೆ ಕಾಣದಂತೆ ಟೀಪಾಯಿ ಇಟ್ಟೆ. ನೀನೂ ಬರಲಿಲ್ಲ, ನಾನೂ ಕರೆಯಲಿಲ್ಲ.

ಮೊನ್ನೆ ಟೀಪಾಯಿಯ ಕಾಲು ಮುರಿದು ಕಲೆ ಮತ್ತೆ ಕಣ್ಣಿಗೆ ಬಿತ್ತು. ನಿನ್ನೆ ಸೋಪಿನ ನೀರು ಹಾಕಿ ಉಜ್ಜಿ ಯಂತ್ರ ಆನ್ ಮಾಡಿದೆ. ಎರಡು ನಿಮಿಷ ಕೊಳೆನೀರು ಎಳೆದು ಗೊರಗೊರ ಎಂದು ನಿಂತಿತು. ಮುಚ್ಚಳ ತೆಗೆದರೆ, ಧೂಳು ಹಿಡಿಯುವ ಕಾಗದದ ಚೀಲ ನೆನೆದು ಮುದ್ದೆಯಾಗಿತ್ತು. ಮುಚ್ಚಳದ ಒಳಗಡೆ ನೀನು ಟೇಪು ಹಚ್ಚಿ ಅಂಟಿಸಿದ್ದ ಚೀಟಿ:

“ಸಿಡುಕುಮೂತಿ, ನೀರು ಎಳೆಯೋ ಮುಂಚೆ ಕಾಗದದ ಚೀಲ ತೆಗಿ. ನಮ್ಮನೇಲಿ ನಾನೂ ಮರೆತು ಪೇಚಾಡಿದ್ದೆ. ಕಾಫಿ ಚೆಲ್ಲಿದ್ದಕ್ಕೆ ಬೇಜಾರು ಮಾಡ್ಕೋಬೇಡ ಕಣೇ.”

ಒದ್ದೆ ಕಾರ್ಪೆಟ್ ಮೇಲೆಯೇ ಕೂತುಬಿಟ್ಟೆ. “ಬಟ್ಟೆ ನೆನೆಯುತ್ತೆ, ಏಳೇ” ಎಂದರು ಇವರು.

ಚೀಲ ತೆಗೆದ ಮೇಲೆ ಯಂತ್ರ ಚೆನ್ನಾಗಿ ಎಳೆಯಿತು. ಕಲೆ ಮುಕ್ಕಾಲು ಪಾಲು ಹೋಗಿದೆ. ಒಣಗಲು ಇನ್ನೆರಡು ದಿನ ಬೇಕು. ಶನಿವಾರ ಬಾ. ಬರುವಾಗ ಒಂದು ಕಾಗದದ ಚೀಲ ತಾ, ಇಲ್ಲಿ ಸಿಗುತ್ತಿಲ್ಲ. ಟೀಪಾಯಿ ಇಲ್ಲ, ಕಾರ್ಪೆಟ್ ಮೇಲೆ ಕೂತೇ ಕಾಫಿ ಕುಡಿಯೋಣ. ಲೋಟ ತುಂಬ ಕೊಡುತ್ತೇನೆ.

ನಿನ್ನ
ಸಿಡುಕುಮೂತಿ