ಮಡಿಲಲ್ಲಿ ಕರಡಿಗೆ

ಹುಬ್ಬಳ್ಳಿ, ಮಂಗಳವಾರ, ಜೂನ್ ೧೭

ಸಿಟ್ಟು ನನ್ನ ಮೇಲೆಯೇ. ನಿನ್ನೆ ಸೊಂಟದ ಆಪರೇಷನ್‌ಗೆ ಒಯ್ಯುವಾಗ ಆಸ್ಪತ್ರೆಯವರು ಅವ್ವನ ಕೊರಳಿನ ಇಷ್ಟಲಿಂಗದ ಕರಡಿಗೆ ಬಿಚ್ಚಿ, ನನ್ನ ಕೈಗಿಟ್ಟು ಸಹಿ ಮಾಡಿಸಿಕೊಂಡರು. ಅವ್ವನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಲಿಂಗಪೂಜೆಯಾಗದೆ ಅವ್ವ ಹನಿ ನೀರು ಮುಟ್ಟುವವಳಲ್ಲ. ಈಗ ಐಸಿಯುವಿನಲ್ಲಿ ಬಾಯಿ ಬಿಗಿಹಿಡಿದು ಮಲಗಿದ್ದಾಳೆ. ಬಾಗಿಲಲ್ಲಿ ಸಿಸ್ಟರ್‌ಗೆ ಕೈಮುಗಿದೆ.

"ಐದು ನಿಮಿಷ ಈ ಲಿಂಗ ಅವ್ವನ ಅಂಗೈಯಾಗ ಇಡ್ರಿ, ಆಮ್ಯಾಲೆ ನೀರು ಕುಡೀತಾಳ."

"ಹೊರಗಿನ ಸಾಮಾನು ಒಳಗ ಬಿಡೂದಿಲ್ರಿ ಅಕ್ಕಾರ."

ರೋಗಿಯ ಹಕ್ಕುಗಳ ಫಲಕ ಅವಳ ಬೆನ್ನ ಹಿಂದೆಯೇ ಇತ್ತು. ಫೈಲಿನಲ್ಲಿ 'ರೋಗಿ ಸಹಕರಿಸುತ್ತಿಲ್ಲ' ಎಂದು ಬರೆದಿದ್ದಾರೆ.

ನಾಳೆ ಬೆಳಿಗ್ಗೆ ಮೂಗಿನಿಂದ ಪೈಪು ಹಾಕಿ ನೀರು ಕೊಡುತ್ತಾರಂತೆ. ಅದರ ಒಪ್ಪಿಗೆ ಕಾಗದ ಕೊಟ್ಟು ಹೋದರು. ಕರಡಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದೇನೆ. ಈ ಸಲವೂ ಸಹಿ ನನ್ನದೇ ಬೇಕಂತೆ.

ಅವ್ವ ಒಳಗೆ ಎಚ್ಚರವಾಗಿಯೇ ಇದ್ದಾಳೆ.